ಗೇಮಿಂಗ್ ಪಿಸಿಯಲ್ಲಿ ಸೆಕ್ಯೂರ್ ಬೂಟ್ ಎರರ್: ಯಾವುದು ಮೊದಲು, ಯಾವುದು ಆಮೇಲೆ



ವಾರವಿಡೀ ದುಡಿದು ಶುಕ್ರವಾರ ರಾತ್ರಿ ಒಂದು ಮ್ಯಾಚ್ ಆಡೋಣ ಅಂತ ಕೂತರೆ, ವ್ಯಾಲೊರಂಟ್ 'ವ್ಯಾನ್ 9003' ಅಂತ ಎರರ್ ಕೊಡುತ್ತೆ. ಅಂದ್ರೆ ಸೆಕ್ಯೂರ್ ಬೂಟ್ ಆಫ್ ಇದೆ ಅಂತ. 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಆಡೋಕೂ ಅದು ಬೇಕೇ ಬೇಕು.

ಯಾಕೆ ಈ ಹಠ? ಕೆಲವು ಚೀಟ್‌ಗಳು ವಿಂಡೋಸ್‌ಗಿಂತ ಮೊದಲೇ ಲೋಡ್ ಆಗಿ ಅಡಗಿ ಕೂರುತ್ತವೆ. ಸೆಕ್ಯೂರ್ ಬೂಟ್, ಪಿಸಿ ಆನ್ ಆಗುವಾಗಲೇ ಬೂಟ್‌ಲೋಡರ್‌ನ ಡಿಜಿಟಲ್ ಸಹಿ ನೋಡಿ, ಸರಿಯಿದ್ದರೆ ಮಾತ್ರ ಒಳಗೆ ಬಿಡುತ್ತದೆ.

ತೊಂದರೆ ಬರೋದು ನಾವು ಅವಸರದಲ್ಲಿ ಬಯೋಸ್‌ಗೆ ಹೋಗಿ ಕಂಡಿದ್ದನ್ನೆಲ್ಲ ಬದಲಾಯಿಸಿದಾಗ. ವಿಂಡೋಸ್ ಬರಲ್ಲ. ಇಲ್ಲಾಂದ್ರೆ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತೆ. ನಮ್ಮಲ್ಲಿ ತುಂಬ ಜನರಿಗೆ ಗೇಮಿಂಗ್ ಪಿಸಿನೇ ಮನೆಯ ಕಪಾಟು: ಮಗುವಿನ ಫೋಟೊ, ಊರಿನ ಜಮೀನು ಪತ್ರದ ಸ್ಕ್ಯಾನ್, ಎಲ್ಲಾ ಅದರಲ್ಲೇ. ಆ ಕೀ ಇಲ್ಲದಿದ್ದರೆ ಅವು ವಾಪಸ್ ಸಿಗಲ್ಲ. ಹಾಗಾಗಿ ಕ್ರಮ ಮುಖ್ಯ.

ಮೊದಲನೆಯದು, ರಿಕವರಿ ಕೀ. "ನಾನು ಬಿಟ್‌ಲಾಕರ್ ಆನ್ ಮಾಡೇ ಇಲ್ಲ" ಅನ್ನಬೇಡಿ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೈನ್ ಇನ್ ಮಾಡಿದ ವಿಂಡೋಸ್ 11, ಎಷ್ಟೋ ಸಲ ತಾನೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರುತ್ತೆ. ಕೀ ಸಾಮಾನ್ಯವಾಗಿ ಅದೇ ಅಕೌಂಟ್‌ನಲ್ಲಿರುತ್ತೆ. ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಎರಡನೆಯದು, ಸದ್ಯದ ಸ್ಥಿತಿ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, 'ಎಂಎಸ್‌ಇನ್ಫೋ32' ಟೈಪ್ ಮಾಡಿ. 'ಬಯೋಸ್ ಮೋಡ್' ಎದುರು ಯುಇಎಫ್ಐ ಅಂತಿದ್ದರೆ ಕೆಲಸ ಸುಲಭ. ಲೆಗಸಿ ಅಂತಿದ್ದರೆ ಅಲ್ಲೇ ನಿಲ್ಲಿ, ಬಯೋಸ್ ಮುಟ್ಟಬೇಡಿ.

ಲೆಗಸಿ ಅಂದ್ರೆ ನಿಮ್ಮ ಡಿಸ್ಕ್ ಹಳೇ ಎಂಬಿಆರ್ ಪದ್ಧತಿಯಲ್ಲಿದೆ. ಅದು ಜಿಪಿಟಿ ಆಗಬೇಕು. ಅದಕ್ಕೆ ವಿಂಡೋಸ್‌ನಲ್ಲೇ 'ಎಂಬಿಆರ್2ಜಿಪಿಟಿ' ಅನ್ನೋ ಟೂಲ್ ಇದೆ. ಮೊದಲು ವ್ಯಾಲಿಡೇಟ್ ಕಮಾಂಡ್. ಅದು ಪಾಸಾದರೆ ಮಾತ್ರ ಕನ್ವರ್ಟ್. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ವ್ಯಾಲಿಡೇಟ್ ಫೇಲ್ ಆಗುತ್ತೆ. ಫಾರ್ಮ್ಯಾಟ್ ಬೇಕಿಲ್ಲ. ಒಂದು ಎರರ್‌ಗೆ ಹೆದರಿ ಡಿಸ್ಕ್ ಫಾರ್ಮ್ಯಾಟ್ ಮಾಡೋದು, ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಮೂರನೆಯದು, ಬಯೋಸ್. ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ. ಸಿಎಸ್ಎಂ ಆಫ್ ಮಾಡಿ, ಸೇವ್ ಮಾಡಿ, ವಿಂಡೋಸ್ ಬರುತ್ತಾ ನೋಡಿ. ಬಂದರೆ ಮತ್ತೆ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುತ್ತೆ.

ಬಯೋಸ್‌ನಲ್ಲಿ 'ಎನೇಬಲ್ಡ್' ಅಂತಿದೆ, ವಿಂಡೋಸ್ ಮಾತ್ರ 'ಆಫ್' ಅನ್ನುತ್ತೆ. ಇದು ತುಂಬ ಜನರ ತಲೆ ತಿನ್ನುವ ವಿಷಯ. ಸಾಮಾನ್ಯ ಕಾರಣ, ಸಹಿ ಪರೀಕ್ಷಿಸುವ ಕೀಗಳೇ ಬೋರ್ಡ್‌ನಲ್ಲಿ ಲೋಡ್ ಆಗಿರಲ್ಲ. ಕೀ ಮ್ಯಾನೇಜ್‌ಮೆಂಟ್ ಒಳಗೆ ಫ್ಯಾಕ್ಟರಿ ಕೀಗಳನ್ನು ಇನ್‌ಸ್ಟಾಲ್ ಮಾಡಿ. ಆಸುಸ್ ಬೋರ್ಡ್ ಆದರೆ 'ಓಎಸ್ ಟೈಪ್' ಅನ್ನೋದನ್ನು ವಿಂಡೋಸ್ ಯುಇಎಫ್ಐ ಮೋಡ್‌ಗೆ ಹಾಕಿ.

ಸಿಎಸ್ಎಂ ಆಫ್ ಮಾಡಿದ ಮೇಲೆ ಪರದೆ ಪೂರ್ತಿ ಕಪ್ಪಾಯ್ತಾ? ನೆಹರು ಪ್ಲೇಸ್‌ನಲ್ಲೋ, ರಿಚೀ ಸ್ಟ್ರೀಟ್‌ನಲ್ಲೋ ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಗ್ರಾಫಿಕ್ಸ್ ಕಾರ್ಡ್‌ಗೆ ಯುಇಎಫ್ಐ ಬೆಂಬಲ ಇಲ್ಲದೇ ಇರಬಹುದು. ಪವರ್ ಕೇಬಲ್ ಕಿತ್ತು, ಮದರ್‌ಬೋರ್ಡ್ ಮ್ಯಾನುಯಲ್ ನೋಡಿಕೊಂಡು ಸಿಎಂಒಎಸ್ ಕ್ಲಿಯರ್ ಮಾಡಿ. ಬಯೋಸ್ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಮರಳುತ್ತೆ.

ಕೊನೆಯ ಮಾತು. ಸೆಕ್ಯೂರ್ ಬೂಟ್ ನಂಬಿಕೊಂಡಿರುವ 2011ರ ಮೈಕ್ರೋಸಾಫ್ಟ್ ಸರ್ಟಿಫಿಕೇಟ್‌ಗಳ ಅವಧಿ ಜೂನ್ 2026ರಿಂದ ಒಂದೊಂದಾಗಿ ಮುಗಿಯುತ್ತೆ. ಅವುಗಳ ಜಾಗಕ್ಕೆ 2023ರ ಸರ್ಟಿಫಿಕೇಟ್‌ಗಳು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಗೇಮ್ ಸ್ಲೋ ಆಗುತ್ತೆ ಅಂತ ಅಪ್‌ಡೇಟ್ ನಿಲ್ಲಿಸಿದ್ದರೆ ಇವತ್ತೇ ಆನ್ ಮಾಡಿ.

ನೆನಪಿರಲಿ: ಮೊದಲು ರಿಕವರಿ ಕೀ, ಆಮೇಲೆ ಡಿಸ್ಕ್, ಕೊನೆಗೆ ಬಯೋಸ್.