ಕಡಿಯದೆ ಒಳಮನೆ ಇಲ್ಲ
ಕಂಪ್ಯೂಟರ್ ಆಟಗಳಲ್ಲಿ ಕೊಲೆಯ ಲೆಕ್ಕ: ಗೊರಗುಂಟೆಪಾಳ್ಯದಲ್ಲಿ ನೀಡಿದ ದತ್ತಿ ಉಪನ್ಯಾಸ



ಈ ಉಪನ್ಯಾಸದ ವಿಷಯ ತಿಳಿಸಿದಾಗ ಸಂಘಟಕರೊಬ್ಬರು, ‘ಸಾರ್, ಹುಡುಗರಿಗೆ ಬುದ್ಧಿ ಬರೋ ಹಾಗೆ ಮಾತಾಡಿ’ ಅಂದರು. ಅದು ನನ್ನ ಕೈಲಾಗದ ಕೆಲಸ. ಮೂವತ್ತು ವರ್ಷ ಬೆಂಗಳೂರಿನ ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ, ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಬರೆದವನು ನಾನು. ಯಂತ್ರ ಯಾಕೆ ಹೀಗೆ ಮಾಡುತ್ತದೆ ಎಂದರೆ ಒಂದಿಷ್ಟು ಹೇಳಬಲ್ಲೆ. ಹುಡುಗರು ಯಾಕೆ ಹೀಗೆ ಎಂದರೆ ನಿಮ್ಮ ಹಾಗೇ ತಲೆ ಕೆರೆದುಕೊಳ್ಳುತ್ತೇನೆ.

ಇವತ್ತು ಇಲ್ಲಿಗೆ ಬರುವಾಗ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ಮೂವರು ಹುಡುಗರು ಗೋಡೆಗೊರಗಿ ಫೋನಿನಲ್ಲಿ ಮುಳುಗಿದ್ದರು. ‘ಮಗಾ, ನಾಕ್ ಆದೆ, ರಿವೈವ್ ಕೊಡೋ!’ ‘ತಾಳೋ, ಮೇಲ್ಗಡೆ ಒಬ್ಬ ಅವ್ನೆ, ಹೊಡ್ದು ಬರ್ತೀನಿ.’ ತರಕಾರಿ ಚೀಲ ಹಿಡಿದಿದ್ದ ಅಜ್ಜಿಯೊಬ್ಬರು ಗಾಬರಿಯಾಗಿ, ‘ಯಾರ್ನಪ್ಪಾ ಹೊಡೀತಾರಂತೆ?’ ಎಂದು ನನ್ನ ಮುಖ ನೋಡಿದರು. ‘ಫೋನೊಳಗೆ ಅಜ್ಜಿ’ ಎಂದೆ. ‘ಸದ್ಯ’ ಎಂದು ಇಳಿದು ಹೋದರು.

ಆ ಹುಡುಗರು ಆಡುತ್ತಿದ್ದ ಆಟಕ್ಕೆ ಒಂದು ಚರಿತ್ರೆ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಒಂದು. ಕೊಟ್ಟ ಕಾರಣ ಹೊಡೆದಾಟವಲ್ಲ, ದೇಶದ ಭದ್ರತೆ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರು ಹೊತ್ತು ಮರಳಿತು. ಈ ಸಲ ರಕ್ತದ ಬಣ್ಣ ಹಸಿರು. ‘ಕಿಲ್’ ಎಂದಿದ್ದ ಕಡೆ ‘ಫಿನಿಷ್’. ಸುಣ್ಣ ಬಣ್ಣ ಬದಲಾಯಿತು, ಹೊಡೆಯುವುದು ಅಲ್ಲಾಡಲಿಲ್ಲ. ಅದನ್ನು ಕಿತ್ತರೆ ಆಟವೇ ಉಳಿಯುವುದಿಲ್ಲ. ಯಾಕೆ ಉಳಿಯುವುದಿಲ್ಲ ಎಂಬುದೇ ಇವತ್ತಿನ ಮಾತು.

ಬುಡದಿಂದ ನೋಡೋಣ. ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆಯಾದ ನಮ್ಮ ಸಿಎಂಟಿಐ ಹುಟ್ಟಿದ ವರ್ಷ 1962. ಅದೇ ವರ್ಷ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಆಟ ಕಟ್ಟಿದರು. ಅದೇ ಎಂಐಟಿಯಲ್ಲಿ ಹತ್ತು ವರ್ಷ ಮೊದಲು, ಅಮೆರಿಕದ ವಾಯುಸೇನೆಯ ದುಡ್ಡಿನಲ್ಲಿ, ಅಂಕಿಗಳ ಮಾತು ಕೇಳುವ ಮಿಲ್ಲಿಂಗ್ ಯಂತ್ರ ತಯಾರಾಗಿತ್ತು. ಅಂದರೆ ನನಗೆ ಅನ್ನ ಹಾಕಿದ ಯಂತ್ರವೂ ಆ ಹುಡುಗರ ಆಟವೂ ದಾಯಾದಿಗಳು.

ಸಿಎನ್‌ಸಿಗೆ ಉಕ್ಕು ಗೊತ್ತಿಲ್ಲ, ಅಲ್ಯೂಮಿನಿಯಂ ಗೊತ್ತಿಲ್ಲ. ಎಕ್ಸ್ ಇಷ್ಟು, ಝಡ್ ಇಷ್ಟು ಎಂಬುದು ಗೊತ್ತು. ಆಫ್‌ಸೆಟ್‌ನಲ್ಲಿ ಒಂದು ಅಂಕಿ ತಪ್ಪಿದರೆ ಟೂಲು ಸೀದಾ ಹೋಗಿ ಚಕ್ಕಿಗೆ ಗುದ್ದುತ್ತದೆ. ಆ ಸದ್ದು ಕೇಳಿದವರು ಈ ಸಭೆಯಲ್ಲಿ ಹತ್ತು ಜನವಾದರೂ ಇದ್ದೀರಿ. ಸ್ಪೇಸ್‌ವಾರ್‌ಗೆ ಗೊತ್ತಿದ್ದದ್ದೂ ಅಷ್ಟೇ. ಗುಂಡು ಇರುವ ಜಾಗದ ಅಂಕಿ, ಆಕಾಶದ ಹಡಗು ಇರುವ ಜಾಗದ ಅಂಕಿ. ಒಂದರಿಂದ ಒಂದನ್ನು ಕಳೆ; ಹತ್ತಿರ ಬಂದಿದ್ದರೆ ಹಡಗನ್ನು ಅಳಿಸು. ಕೊಲೆ ಮುಗಿಯಿತು. ಪಿಡಿಪಿ-1ರ ನೆನಪಿನ ಚೀಲದಲ್ಲಿ ಹಿಡಿಸುತ್ತಿದ್ದದ್ದು 4096 ಪದಗಳು. ಅದರಲ್ಲಿ ಇಬ್ಬರ ಜಗಳ ತುಂಬಬಹುದು, ರಾಜಿ ಪಂಚಾಯ್ತಿ ತುಂಬಲಾಗದು.

ಈಗ ನೆನಪಿಗೆ ಬರವಿಲ್ಲ, ಆದರೂ ಲೆಕ್ಕ ಬದಲಾಗಿಲ್ಲ. ಒಂದು ಬಂದೂಕನ್ನು ಒಮ್ಮೆ ಮಾಡಿಟ್ಟರೆ ಆಟಗಾರ ಅದನ್ನು ಸಾವಿರ ಸಲ ಸಿಡಿಸುತ್ತಾನೆ, ಬೇಸರವಿಲ್ಲ. ಒಂದು ಮಾತುಕತೆಯನ್ನು ಬರೆಯಿಸಬೇಕು, ಕಲಾವಿದರಿಂದ ಹೇಳಿಸಬೇಕು, ತುಟಿಯ ಅಲುಗಾಟ ಕೂಡಿಸಬೇಕು. ಆಟಗಾರ ಅದನ್ನು ಒಂದೇ ಸಲ ಕೇಳುತ್ತಾನೆ, ಎರಡನೇ ಸಲಕ್ಕೆ ‘ಸ್ಕಿಪ್’ ಒತ್ತುತ್ತಾನೆ. ಪೀಣ್ಯದ ಭಾಷೆಯಲ್ಲಿ ಹೇಳುವುದಾದರೆ, ಬಂದೂಕು ಡೈ ಇದ್ದ ಹಾಗೆ, ಒಮ್ಮೆ ಮಾಡಿದರೆ ಲಕ್ಷ ಪೀಸು. ಮಾತು ಕೈಕೆಲಸ.

ಇನ್ನು ನಾಣ್ಯದ ಸಂಗತಿ. ನಾನು ಅಪ್ರೆಂಟಿಸ್ ಆಗಿದ್ದಾಗ ಯಶವಂತಪುರದ ಒಂದು ಓಣಿಯಲ್ಲಿ ವಿಡಿಯೊ ಗೇಮ್ ಅಂಗಡಿ ಇತ್ತು. ರೂಪಾಯಿಗೆ ಮೂರು ಜೀವ. ಹುಡುಗನೊಬ್ಬ ಎಷ್ಟು ನಿಪುಣನೆಂದರೆ ಒಂದೇ ನಾಣ್ಯದಲ್ಲಿ ಮುಕ್ಕಾಲು ಗಂಟೆ ಸಾಯುತ್ತಲೇ ಇರಲಿಲ್ಲ. ಅಂಗಡಿಯವರು ಸುತ್ತ ಸುಳಿದಾಡಿ, ಕೆಮ್ಮಿ, ಕೊನೆಗೆ ಸ್ವಿಚ್ಚನ್ನೇ ಆರಿಸಿ ‘ಕರೆಂಟ್ ಹೋಯ್ತು ಕಣಪ್ಪ’ ಎಂದುಬಿಡುತ್ತಿದ್ದರು, ತಲೆ ಮೇಲೆ ಫ್ಯಾನು ತಿರುಗುತ್ತಿದ್ದರೂ. ಆಟಗಾರ ಬೇಗ ಸಾಯಬೇಕು, ಆದರೆ ‘ಇನ್ನೊಂಚೂರಲ್ಲಿ ತಪ್ಪಿತು’ ಅನ್ನಿಸಬೇಕು. ಮುಂದಿನ ನಾಣ್ಯ ಬೀಳುವುದು ಆಗ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ‘ಜೀವ’ ಎಂಬ ಲೆಕ್ಕ ಮಾತ್ರ ಇಂದಿಗೂ ಆಟಗಳಲ್ಲಿ ಕೂತಿದೆ.

ಇಂಥ ಆಟ ಮಾಡುವವರಿಗೆ ಸಂಕೋಚ ಇರಲಿಲ್ಲವೆ? ಇತ್ತು. 1978ರ ‘ಸ್ಪೇಸ್ ಇನ್ವೇಡರ್ಸ್’ ರೂಪಿಸಿದ ಜಪಾನಿನ ತೊಮೊಹಿರೊ ನಿಶಿಕಾಡೊ ಮನುಷ್ಯರನ್ನು ಗುರಿಯಾಗಿಸಲು ಯೋಚಿಸಿದ್ದರಂತೆ. ಮನುಷ್ಯರ ಮೇಲೆ ಗುಂಡು ಹಾರಿಸುವುದು ಸರಿಯಲ್ಲ ಎನ್ನಿಸಿ ಅನ್ಯಗ್ರಹದ ಜೀವಿಗಳನ್ನು ತಂದರು. ಎರಡು ವರ್ಷದಲ್ಲಿ ತೊರು ಇವಟಾನಿ ‘ಪ್ಯಾಕ್‌ಮನ್’ನಲ್ಲಿ ಹೊಡೆಯುವುದನ್ನು ಬಿಟ್ಟು ತಿನ್ನುವುದನ್ನು ಹಿಡಿದರು, ಹೆಂಗಸರೂ ಬಂದು ಆಡಲಿ ಎಂದು. ಯಂತ್ರಕ್ಕೆ ಲೆಕ್ಕ ಅದೇ: ಮುಟ್ಟಿತೆ, ಅಳಿಸು. ಅದನ್ನು ಗುಂಡು ಅನ್ನಬೇಕೋ ತುತ್ತು ಅನ್ನಬೇಕೋ, ಅದು ಮಾಡುವವರ ಮನಸ್ಸು.

ಹಳೆಯ ಆಟಗಳೆಲ್ಲ ಸಾಧು, ಈ ಪರದೆ ಬಂದು ಎಲ್ಲ ಕೆಟ್ಟಿತು ಎನ್ನುವವರಿಗೆ ಚೌಕಾಬಾರ ನೆನಪಿಸುತ್ತೇನೆ. ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಕಡಿದರೆ ಇನ್ನೊಂದು ಗರ ಬೇರೆ! ನಮ್ಮಜ್ಜಿ, ದಿನಕ್ಕೆ ಎರಡು ಹೊತ್ತು ಪೂಜೆ ಮಾಡುವವರು, ‘ಕಡಿದೆ ನೋಡು ನಿನ್ನ’ ಎಂದು ಕಾಯಿ ಎತ್ತಿಡುವಾಗ ಅವರ ಕಣ್ಣಿನ ಹೊಳಪು ನೋಡಬೇಕಿತ್ತು. ಕಬಡ್ಡಿಯಲ್ಲಿ ನಾವೆಲ್ಲ ಸತ್ತು, ಜೀವ ಬಂದು, ಮತ್ತೆ ಸತ್ತವರೇ. ಅಳಗುಳಿಮಣೆ ಮಾತ್ರ ಬೇರೆ ಜಾತಿ. ಅಲ್ಲಿ ಸಾಯುವುದಿಲ್ಲ, ಹುಣಸೆಬೀಜ ಬಿತ್ತುವುದು, ಬಾಚುವುದು. ಆದರೆ ಅಜ್ಜಿಯ ಚೌಕಾಬಾರದಲ್ಲಿ ಒಂದು ಸೌಲಭ್ಯವಿತ್ತು. ಚಿಕ್ಕ ಮೊಮ್ಮಗಳು ಅಳುವ ಹಾಗಾದರೆ ಅಜ್ಜಿ ಲೆಕ್ಕ ತಪ್ಪಿದ ಹಾಗೆ ನಟಿಸಿ, ತಮ್ಮ ಕಾಯನ್ನು ಅವಳ ಕಾಯಿ ದಾಟಿಸಿ ಒಂದು ಮನೆ ಮುಂದೆ ಇಡುತ್ತಿದ್ದರು. ನನ್ನ ಮೂವತ್ತು ವರ್ಷದಲ್ಲಿ ಬೇಕೆಂದೇ ಲೆಕ್ಕ ತಪ್ಪಿದ ಯಂತ್ರ ನೋಡಿಲ್ಲ.

ಈ ಆಟಗಳು ಎಲ್ಲೋ ಸಮುದ್ರದಾಚೆ ತಯಾರಾಗುತ್ತವೆ ಎಂದುಕೊಳ್ಳಬೇಡಿ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವ ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು. 2019ರಲ್ಲಿ ಇಲ್ಲಿನದೇ ಹಳೆಯ ಸಂಸ್ಥೆ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡಿತು. ಆ ಸರಣಿಯಲ್ಲಿ 5 ಎಂಬ ಸಂಖ್ಯೆ ಹೊತ್ತ ಆಟ 2013ರಲ್ಲಿ ಬಂದಾಗ ಮೂರೇ ದಿನದಲ್ಲಿ ನೂರು ಕೋಟಿ ಡಾಲರ್ ವ್ಯಾಪಾರ. ಇಷ್ಟು ದುಡ್ಡು ಕಂಡ ಮೇಲೆ ಮುಂದಿನ ಆಟಕ್ಕೆ ಬಂಡವಾಳ ಹಾಕುವವರು ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾರೆ. ತಮಾಷೆ ಕೇಳಿ: ಹೊಲ ಉತ್ತು ಬಿತ್ತುವ ‘ಫಾರ್ಮ್‌ವಿಲ್’ನ ಜಿಂಗಾ ಕೂಡ 2010ರಿಂದ ಬೆಂಗಳೂರಿನಲ್ಲಿದೆ, ಮತ್ತು 2022ರಲ್ಲಿ ರಾಕ್‌ಸ್ಟಾರ್‌ನ ಒಡೆಯರಾದ ಟೇಕ್-ಟೂ ಅದನ್ನೂ ಕೊಂಡರು. ಕೊಲೆಯೂ ಕೃಷಿಯೂ ಈಗ ಒಂದೇ ಖಾತೆ. ಆ ಹೊಲವೇನು ಸಾಧುವಲ್ಲ. ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಬದನೆಕಾಯಿ ಕೊಯ್ದ ಸಹೋದ್ಯೋಗಿಯೊಬ್ಬರು ನನಗಿದ್ದರು.

ಹೊಡೆಯುವ ಆಟದಿಂದ ಹುಡುಗರು ಹೊಡೆಯುವವರಾಗುತ್ತಾರೆಯೆ ಎಂದು ನೀವು ಕೇಳಿಯೇ ಕೇಳುತ್ತೀರಿ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಬ್ರಿಟನ್ನಿನ ಸಾವಿರದಷ್ಟು ಹದಿಹರೆಯದವರನ್ನು, ಅವರ ಪೋಷಕರನ್ನು ವಿಚಾರಿಸಿ, ಅಂಥ ನಂಟು ಕಾಣಲಿಲ್ಲ ಎಂದರು. ನನ್ನ ತಕರಾರು ಬೇರೆ. ಅಗ್ಗದ ಕ್ರಿಯೆಯೊಂದನ್ನೇ ಬಣ್ಣ ಬದಲಿಸಿ ಅರವತ್ತು ವರ್ಷದಿಂದ ಮಾರುತ್ತಿದ್ದಾರಲ್ಲ, ಕೊಳ್ಳುವವರು ಇನ್ನೇನಾದರೂ ಕೊಡಿ ಎಂದು ಕೇಳಬಾರದೆ?

ಅಲ್ಲಲ್ಲಿ ಕೊಟ್ಟಿದ್ದಾರೆ ಕೂಡ. ಮೆಟ್ಟಿಲ ಬಳಿಯ ಹುಡುಗರನ್ನು ನಾನು ಅಲ್ಲೇ ನಿಂತು ನೋಡಿದೆ. ಆ ಆಟದಲ್ಲಿ ಬಿದ್ದ ಗೆಳೆಯನನ್ನು ಎಬ್ಬಿಸಬೇಕಾದರೆ ಪಕ್ಕದಲ್ಲಿ ಮಂಡಿಯೂರಿ ಹತ್ತು ಸೆಕೆಂಡು ಕೂರಬೇಕು. ಅಷ್ಟೂ ಹೊತ್ತು ಬಂದೂಕು ಕೈಯಲ್ಲಿರುವುದಿಲ್ಲ, ಯಾರು ಬೇಕಾದರೂ ಹೊಡೆಯಬಹುದು. ಎರಡನೆಯ ಹುಡುಗ ಓಡಿ ಬಂದು ಕೂತ. ಎಂಟು, ಏಳು, ಆರು ಎಂದು ಮೂರೂ ಜನ ಉಸಿರು ಬಿಗಿಹಿಡಿದು ಎಣಿಸುತ್ತಿದ್ದರು. ಅವರ ಜತೆ ನಾನೂ. ಮೂರು ಎನ್ನುವಾಗ ಎಲ್ಲಿಂದಲೋ ಗುಂಡು ಬಂತು.

‘ಏನಾಯ್ತಪ್ಪಾ?’ ಎಂದೆ.

‘ಇಬ್ರೂ ಹೋದ್ವಿ ಅಂಕಲ್’ ಎಂದ ಬಿದ್ದ ಹುಡುಗ. ಎಬ್ಬಿಸಲು ಬಂದು ಸತ್ತವನ ಬೆನ್ನಿಗೆ ಒಂದು ಗುದ್ದಿ, ‘ಬರ್ಬೇಡ ಅಂದಿದ್ರೂ ಬರ್ತಿದ್ದ ಇವ್ನು’ ಎಂದು ನಕ್ಕ.