ಕಾರ್ಯಕ್ರಮಕ್ಕೆ ಬಂದವರು, ಬಾರದವರು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮುಖ್ಯ ಅತಿಥಿಗಳಾಗಿ ಬಂದಿದ್ದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರ ಭಾಷಣದ ಪಠ್ಯ)



ಕಾರ್ಯದರ್ಶಿಗಳು ಈಗಷ್ಟೆ ವರ್ಷದ ವರದಿ ಓದಿದರು. ವಿದ್ಯಾರ್ಥಿವೇತನ, ಕಣ್ಣಿನ ತಪಾಸಣೆ ಶಿಬಿರ, ರಕ್ತದಾನ, ಸಾಮೂಹಿಕ ವಿವಾಹ, ರಂಜಾನಿನ ಕಿಟ್, ಎಸ್‌ಎಸ್‌ಎಲ್‌ಸಿ ಮಕ್ಕಳ ಪುನರ್ಮನನ ತರಗತಿ, ಹೀಗೆ ಪಟ್ಟಿ ದೊಡ್ಡದಿದೆ. ಕೇಳಿ ಸಂತೋಷವಾಯಿತು. ಖರ್ಚು-ವೆಚ್ಚದ ಲೆಕ್ಕ ವರದಿಯಲ್ಲಿ ಇದ್ದೇ ಇದೆ, ಅದನ್ನು ನಾನು ಮತ್ತೆ ಹೇಳುವುದಿಲ್ಲ. ಆ ಲೆಕ್ಕದಲ್ಲಿ ಬಾರದ ಒಂದು ಸಂಗತಿಯ ಬಗ್ಗೆ ನಾಲ್ಕು ಮಾತು ಹೇಳಿ ಕೂಡುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ಮಳೆಗೆ ಬರ ಬಂದಿದೆ, ಕಾರ್ಯಕ್ರಮಕ್ಕೆ ಎಂದೂ ಬಂದಿಲ್ಲ. ಗದುಗಿನ ತೋಂಟದಾರ್ಯ ಮಠದಲ್ಲಿ ವಾರಕ್ಕೊಮ್ಮೆ ಶಿವಾನುಭವ ನಡೆದುಕೊಂಡು ಬಂದಿದೆ. 2018ರಲ್ಲಿ ನಮ್ಮನ್ನು ಅಗಲಿದ ಡಾ. ತೋಂಟದ ಸಿದ್ಧಲಿಂಗ ಸ್ವಾಮಿಗಳ ಕಾಲದಲ್ಲಿ ಆ ಸಭೆ ಜಾತಿ-ಧರ್ಮ ಕೇಳದ ವೇದಿಕೆಯಾಗಿ ಹೆಸರಾಯಿತು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದ ಹೊಲಗಳು ಉಕ್ಕಿನ ಕಾರ್ಖಾನೆಗೆ ಹೋಗುತ್ತವೆ ಎಂದಾಗ ಅದೇ ಸ್ವಾಮಿಗಳು ರೈತರ ಜೊತೆ ನಿಂತರು. ಎಲ್ಲ ಸಮಾಜದವರೂ ಬೀದಿಗೆ ಬಂದರು, ಸರ್ಕಾರ ಯೋಜನೆ ಕೈಬಿಟ್ಟಿತು. ಮಠದ ಸಭೆಯಲ್ಲಿ ಒಟ್ಟಿಗೆ ಕೂತು ರೂಢಿಯಿದ್ದವರಿಗೆ ಬೀದಿಯಲ್ಲಿ ಒಟ್ಟಿಗೆ ನಿಲ್ಲುವುದು ಕಷ್ಟವಾಗಲಿಲ್ಲ.

ಇದೇ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದರು, ಪುಟ್ಟರಾಜ ಗವಾಯಿಗಳು ಬೆಳೆಸಿದರು. ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ಮಕ್ಕಳು, ಬಡ ಮಕ್ಕಳು ಯಾವ ಜಾತಿಯಿಂದ ಬಂದರೂ ಅಲ್ಲಿ ಅನ್ನ, ವಸತಿ, ಸಂಗೀತ ಸಿಕ್ಕಿತು. 2010ರಲ್ಲಿ ಪುಟ್ಟರಾಜರು ತೀರಿಕೊಂಡಾಗ ನಾಡಿನ ಮೂಲೆಮೂಲೆಯಿಂದ ಜನ ಬಂದದ್ದು ನಿಮಗೆ ನೆನಪಿರಬಹುದು.

ಲಕ್ಷ್ಮೇಶ್ವರದವರಿಗೆ ನಾನು ಹೇಳಬೇಕಾದ್ದಿಲ್ಲ. ಅದು ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ಅಲ್ಲಿ ಸೋಮೇಶ್ವರ ದೇವಸ್ಥಾನವಿದೆ, ಬಸದಿಗಳಿವೆ, ಆದಿಲ್‌ಶಾಹಿ ಕಾಲದ ಜಾಮಿಯಾ ಮಸೀದಿ ಇದೆ, ದೂದ್‌ಪೀರಾಂ ದರ್ಗಾ ಇದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಆ ಜಾತ್ರೆಗೆ ನಮ್ಮ ಮನೆಗಳಿಂದ ಹೋಗದವರು ಕಡಿಮೆ.

ಮೊಹರಂ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ ನಿಮಗೆ ಗೊತ್ತು. ಅದರ ಆಚರಣೆಯ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ಇವತ್ತಿನ ವಿಷಯವಲ್ಲ. ಒಬ್ಬ ಮಾಸ್ತರನಾಗಿ ನಾನು ಅಲ್ಲಿ ಗಮನಿಸಿದ್ದು ಬೇರೆ. ಅಲಾವಿ ಕುಣಿ ತೋಡುವವರು ಒಬ್ಬರು, ಕಟ್ಟಿಗೆ ತರುವವರು ಒಬ್ಬರು, ಹಲಗೆ ಬಾರಿಸುವವರು ಇನ್ನೊಬ್ಬರು. ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ, ಹಾಡುವವರಲ್ಲಿ ಮುಸಲ್ಮಾನರಲ್ಲದವರೇ ಎಷ್ಟೋ ಊರಲ್ಲಿ ಹೆಚ್ಚು. ಅಲ್ಲಿ ವೇದಿಕೆ ಇಲ್ಲ, ಕುರ್ಚಿ ಇಲ್ಲ, ಶಾಲು-ಹಾರ ಇಲ್ಲ. ಬಂದವರಿಗೆಲ್ಲ ಒಂದು ಕೆಲಸ ಇದೆ.

ಈಗ ನಾವು ಮಾಡುವ ಕಾರ್ಯಕ್ರಮ ನೋಡಿ. ವೇದಿಕೆ ಮೇಲೆ ಹತ್ತು ಜನ, ಕೆಳಗೆ ನೂರಾರು ಜನ. ಮೇಲಿನವರು ಮಾತಾಡುತ್ತಾರೆ, ಕೆಳಗಿನವರು ಕೇಳುತ್ತಾರೆ, ಊಟ ಮಾಡಿ ಹೋಗುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ನಾನೂ ಅಂಥ ಎಷ್ಟೋ ಕಾರ್ಯಕ್ರಮಗಳ ಮೈಕ್ ಹಿಡಿದವನೇ. ಹಾಗಾಗಿ ಇದನ್ನು ಟೀಕೆ ಎಂದು ತಿಳಿಯಬೇಡಿ. ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ಊರಿನ ಹೆಸರು, ಸಂಸ್ಥೆಯ ಹೆಸರು ಬೇಡ, ತಪ್ಪು ನನ್ನದು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಿತ್ತು. ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿದ್ದೆವು. ಅದೇ ಸಭೆಯಲ್ಲಿ, ಪಿಯುಸಿ ಸೇರುವ ಬಡ ಮಕ್ಕಳಿಗೆ ಸಹಾಯಧನ ಇದೆ, ಇಂಥ ದಿನದೊಳಗೆ ಅರ್ಜಿ ಕೊಡಿ ಎಂದು ನಾನೇ ಮೈಕಿನಲ್ಲಿ ಮೂರು ಸಲ ಹೇಳಿದೆ. ಕೆಲವರು ಅರ್ಜಿ ಕೊಟ್ಟರು, ಹಣ ಹೋಯಿತು, ಕೆಲಸ ಮುಗಿಯಿತು ಎಂದುಕೊಂಡೆ.

ಸಂಕ್ರಮಣ ಆದ ಮೇಲೆ ಒಂದು ದಿನ ಮೆಣಸಿನಕಾಯಿ ಗೋದಾಮಿನ ಮುಂದೆ ಹೋಗುತ್ತಿದ್ದೆ. ಒಳಗೆ ಹೆಣ್ಣುಮಕ್ಕಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಮುರಿಯುತ್ತಿದ್ದರು. ಅವರಲ್ಲಿ ನನ್ನ ಶಾಲೆಯ ಹುಡುಗಿ ಒಬ್ಬಳು. ರ‍್ಯಾಂಕಿನವಳಲ್ಲ, ಆದರೆ ಒಂದು ದಿನವೂ ಶಾಲೆ ತಪ್ಪಿಸದವಳು. ನನ್ನನ್ನು ನೋಡಿ ಮುಖ ತಿರುವಿದಳು. ಪಕ್ಕದಲ್ಲಿ ಅವಳ ತಾಯಿ ಇದ್ದರು.

“ಯಾಕವಾ, ಮಗಳನ್ನ ಕಾಲೇಜಿಗೆ ಕಳಸಲಿಲ್ಲೇನು?” ಅಂದೆ.

“ಫೀಸಿಗೆ ರೊಕ್ಕ ಹೊಂದಲಿಲ್ರಿ ಸರ.”

“ರೊಕ್ಕ ಕೊಡತೀವಿ ಅಂತ ಮೈಕಿನಾಗ ಮೂರು ಸಲ ಹೇಳಿದೆನಲ್ಲವಾ. ಆ ಫಂಕ್ಷನ್ನಿಗೆ ಬಂದಿದ್ದಿಲ್ಲೇನು?”

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಅಲ್ಲೇ ಇದ್ದೆರಿ ಸರ. ಹಿಂದ ತಾಟು ತೊಳಿಯಾಕತ್ತಿದ್ದೆ. ನಳದ ಸಪ್ಪಳದಾಗ ಏನೂ ಕೇಳಸಲಿಲ್ಲ.”

ಬಂಧುಗಳೆ, ಅವತ್ತು ನಾವು ಊಟ ಮಾಡಿದ ತಾಟನ್ನು ಆ ತಾಯಿ ತೊಳೆದಿದ್ದರು. ನಮ್ಮ ಸಹಾಯಧನ ಯಾರಿಗಾಗಿ ಇತ್ತೋ ಅವರೇ ಪೆಂಡಾಲಿನ ಹಿಂದೆ ಇದ್ದರು. ನಾನು ಮುಂದಿನವರಿಗೆ ಹೇಳುತ್ತಿದ್ದೆ. ಮರುವರ್ಷ ಅವರ ಮನೆಗೆ ಹೋಗಿ ಅರ್ಜಿ ತುಂಬಿಸಿದೆ. ಹುಡುಗಿ ಕಾಲೇಜು ಸೇರಿದಳು, ಓದಿದಳು. ಆದರೆ ಕಳೆದ ಆ ಒಂದು ವರ್ಷವನ್ನು ನಾನು ಅವಳಿಗೆ ಮರಳಿ ಕೊಡಲಾಗಲಿಲ್ಲ. ಅವಳಂತೆ ಇನ್ನೆಷ್ಟು ಮಕ್ಕಳು ಇದ್ದರೋ, ಅವರ ಮನೆಗೆ ನಾನು ಹೋಗಲೇ ಇಲ್ಲ.

ಅಂದಿನಿಂದ ಯಾವ ಕಾರ್ಯಕ್ರಮಕ್ಕೆ ಹೋದರೂ ಬಂದವರನ್ನು ಎಣಿಸುವುದನ್ನು ಬಿಟ್ಟಿದ್ದೇನೆ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂದು ನೋಡುತ್ತೇನೆ.

ಯಾರು ಬರುವುದಿಲ್ಲ? ದಿನಗೂಲಿಗೆ ಹೋಗುವ ತಾಯಂದಿರು ಬರುವುದಿಲ್ಲ, ಹನ್ನೊಂದು ಗಂಟೆಯ ಸಭೆ ಅವರಿಗೆ ಒಂದು ದಿನದ ಪಗಾರ ಕಳೆಯುತ್ತದೆ. ಶಿರಹಟ್ಟಿ, ಮುಂಡರಗಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದ ಕುಟುಂಬಗಳು ಬರುವುದಿಲ್ಲ, ಅವರ ಮಕ್ಕಳು ಅಜ್ಜಿಯ ಹತ್ತಿರ ಇರುತ್ತಾರೆ ಅಥವಾ ಜೊತೆಗೇ ಹೋಗಿರುತ್ತಾರೆ. ನಾಪಾಸಾದ ಮಕ್ಕಳು ಬರುವುದಿಲ್ಲ, ಪಾಸಾದವರ ಸನ್ಮಾನಕ್ಕೆ ಅವರು ಯಾವ ಮುಖ ಹೊತ್ತು ಬಂದಾರು? ಶುಕ್ರವಾರ ಜುಮ್ಮಾ ನಮಾಜಿನ ನಂತರ ಮಸೀದಿಯಲ್ಲಿ ಪ್ರಕಟಣೆ ಓದುತ್ತೇವೆ. ಒಳ್ಳೆಯದು. ಆದರೆ ಮಗಳ ಅರ್ಜಿಗೆ ಓಡಾಡುವವಳು ತಾಯಿ, ಅವಳು ಅಲ್ಲಿ ಇರುವುದಿಲ್ಲ.

ಆದ್ದರಿಂದ ಟ್ರಸ್ಟಿನ ಹಿರಿಯರಲ್ಲಿ ನನ್ನ ಮೊದಲ ವಿನಂತಿ. ಪ್ರಕಟಣೆ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಅದು ಮಸೀದಿಯ ಜೊತೆಗೆ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಮಹಿಳಾ ಸ್ವಸಹಾಯ ಸಂಘ, ಗೋದಾಮಿನ ಬಾಗಿಲು, ಇಲ್ಲೆಲ್ಲ ಹೋಗಲಿ. ಉರುಸು, ಜಾತ್ರೆ, ಮೊಹರಂ ಎಲ್ಲಿ ಜನ ತಾವಾಗಿ ಸೇರುತ್ತಾರೋ ಅಲ್ಲಿ ಒಂದು ಮೇಜು ಹಾಕಿ ಇಬ್ಬರು ಕೂಡಲಿ. ಬರುವ ವರ್ಷ ಈ ದೊಡ್ಡ ಸಮಾರಂಭದ ಖರ್ಚಿನಲ್ಲಿ ಸ್ವಲ್ಪ ತೆಗೆದು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯಲ್ಲಿ ಸಂಜೆ ಹೊತ್ತು ಅರ್ಜಿ ತುಂಬುವ ಶಿಬಿರ ಮಾಡಿ. ಭಾಷಣ ಬೇಡ, ನನ್ನದೂ ಬೇಡ.

ಪಾಲಕರಲ್ಲಿ ಎರಡನೆಯ ವಿನಂತಿ. ವಿದ್ಯಾರ್ಥಿವೇತನ ತಪ್ಪುವುದು ಎಷ್ಟೋ ಸಲ ಅಂಕ ಕಡಿಮೆ ಎಂದಲ್ಲ, ಕಾಗದ ಸರಿಯಿಲ್ಲ ಎಂದು. ನಮ್ಮ ಹೆಣ್ಣುಮಕ್ಕಳ ಹೆಸರು ಶಾಲೆಯಲ್ಲಿ ‘ಬಾನು’, ಆಧಾರ್ ಕಾರ್ಡಿನಲ್ಲಿ ‘ಬೇಗಂ’, ಬ್ಯಾಂಕಿನಲ್ಲಿ ‘ಬಿ’ ಎಂದು ಇರುತ್ತದೆ. ಮೂರೂ ಒಬ್ಬಳೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮಗು ಎಂಟನೆಯ ತರಗತಿಯಲ್ಲಿ ಇರುವಾಗಲೇ ಹೆಸರು, ಹುಟ್ಟಿದ ತಾರೀಖು ಎಲ್ಲ ಕಡೆ ಒಂದೇ ಇದೆಯೋ ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಬ್ಯಾಂಕಿನಲ್ಲಿ ಕೇಳಿ, ಆಗದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರುವುದಿಲ್ಲ.

ಟ್ರಸ್ಟಿನ ಹಣ ಒಂದೇ ದಾರಿಯಲ್ಲ. ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ವೃತ್ತಿಪರ ಕೋರ್ಸ್ ಓದುವವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿ ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಪಾಲಕರ ಆದಾಯ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದಿಂದ ಬರುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022ರಲ್ಲಿ ನಿಂತ ಮೇಲೆ ಈ ಪರೀಕ್ಷೆ ನಮಗೆ ಇನ್ನೂ ಮುಖ್ಯವಾಗಿದೆ. ಅದಕ್ಕೆ ಒಂದು ತರಬೇತಿ ವರ್ಗ ನಡೆಸಿದರೆ ಟ್ರಸ್ಟಿನ ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ನಾಲ್ಕು ವರ್ಷದ ಆಸರೆ ಸಿಗುತ್ತದೆ.

ನಾಪಾಸಾದ ಮಕ್ಕಳಿಗೆ ಒಂದು ಮಾತು. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಒಂದು ವಿಷಯ ಉಳಿಯಿತು ಎಂದು ಗ್ಯಾರೇಜಿಗೆ, ಗೋದಾಮಿಗೆ ಸೇರಿಸುವ ಮುಂಚೆ ಪಾಲಕರು ಮೂರು ಸಲ ಯೋಚಿಸಿ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಮುಂಡರಗಿಯ ಹುಡುಗಿ ಗದಗಿನ ಕಾಲೇಜಿಗೆ ಬರಲು ಬಸ್ ಚಾರ್ಜು ಅಡ್ಡಿ ಎಂಬ ಮಾತು ಮುಗಿಯಿತು. ಉಳಿದದ್ದು ನಮ್ಮ ಮನಸ್ಸು.

ಕೊನೆಯದಾಗಿ ದಾನಿಗಳಿಗೆ. ಗದಗ ತಾಲ್ಲೂಕಿನ ಕಣಗಿನಹಾಳ ನಿಮಗೆಲ್ಲ ಗೊತ್ತು. 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಇಡೀ ದೇಶಕ್ಕೆ ಮೊದಲನೆಯದು. ಒಬ್ಬ ಸಾಹುಕಾರ ಎಲ್ಲರಿಗೂ ಕೊಡಲಿ ಎಂದು ಅವರು ಕಾಯಲಿಲ್ಲ. ಸಣ್ಣ ರೈತರು ತಮ್ಮ ಸಣ್ಣ ಹಣ ಕೂಡಿಸಿದರು, ಕೊಟ್ಟವರೇ ಸದಸ್ಯರಾದರು, ಸದಸ್ಯರೇ ಲೆಕ್ಕ ಕೇಳಿದರು. ನಮ್ಮ ನೆಲದ ಪಾಠ ಅದು. ದೊಡ್ಡ ದಾನ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಇದೇ ಟ್ರಸ್ಟಿನಿಂದ ಓದಿ ಇವತ್ತು ನೌಕರಿಯಲ್ಲಿ ಇರುವವರು ತಿಂಗಳಿಗೆ ನೂರು ರೂಪಾಯಿ ಕೊಟ್ಟರೂ ಅದು ದೊಡ್ಡದು. ಹಣ ಆಗದಿದ್ದರೆ ವರ್ಷದಲ್ಲಿ ನಾಲ್ಕು ಸಂಜೆ ಕೊಡಿ. ಬಂದು ಒಂದು ಓಣಿಯ ಅರ್ಜಿಗಳನ್ನು ತುಂಬಿಕೊಡಿ. ಹಾಗಾದಾಗ ನಮ್ಮ ಕಾರ್ಯಕ್ರಮದಲ್ಲೂ ಬಂದವರಿಗೆಲ್ಲ ಒಂದು ಕೆಲಸ ಇರುತ್ತದೆ.

ಇವತ್ತು ಚೆಕ್ ಪಡೆಯುವ ಮಕ್ಕಳೆ, ನಿಮ್ಮಿಂದ ನಾನು ದೊಡ್ಡದೇನನ್ನೂ ಕೇಳುವುದಿಲ್ಲ. ಮನೆಗೆ ಹೋದ ಮೇಲೆ ನಿಮ್ಮ ಓಣಿಯಲ್ಲಿ ಈ ಸಭೆಗೆ ಬಾರದ ಒಂದು ಮನೆಯ ಬಾಗಿಲು ತಟ್ಟಿ. ಇಂಥದ್ದು ಇದೆ, ಇಂಥ ಕಾಗದ ಬೇಕು ಎಂದು ಅಲ್ಲಿಯ ತಾಯಿಗೆ ಹೇಳಿ. ಅಷ್ಟು ಸಾಕು.

ಊಟ ಸಿದ್ಧವಿದೆ ಎಂದು ಚೀಟಿ ಬಂದಿದೆ. ಹೋಗುವಾಗ ಅಡುಗೆ ಮಾಡಿದವರನ್ನೂ ತಾಟು ತೊಳೆಯುವವರನ್ನೂ ಒಮ್ಮೆ ಮಾತಾಡಿಸಿ. ಅವರ ಮಕ್ಕಳು ಯಾವ ಕ್ಲಾಸಿನಲ್ಲಿ ಇದ್ದಾರೆ ಎಂದು ಕೇಳಿ. ಅರ್ಜಿ ನಮೂನೆಗಳು ಬಾಗಿಲ ಹತ್ತಿರದ ಮೇಜಿನ ಮೇಲೆ ಇವೆ. ಒಂದನ್ನು ಅವರ ಕೈಗೂ ಕೊಡಿ.