ಮನೆಮಂದಿಯೆಲ್ಲ ಗುಡ್ಡಕ್ಕೆ

ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳೂ ಕಲ್ಲುಗುಡ್ಡಗಳ ಮಡಿಲಲ್ಲಿ ಕುಳಿತಿವೆ. ಬಾಗಿಲು ತೆರೆದರೆ ಗುಡ್ಡ. ಬಸ್ಸಿನ ಕಿಟಕಿಯಿಂದ ಇಣುಕಿದರೆ ಗುಡ್ಡ. ಆದರೂ ಎಳೆಯರನ್ನೂ ಮುದುಕರನ್ನೂ ಜೊತೆಗೆ ಕರೆದುಕೊಂಡು, ಒಂದು ದಿನವಾದರೂ ಅವುಗಳ ನೆತ್ತಿಗೆ ಹೋಗಿ ಬಂದ ಮನೆಯವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ತರಗತಿಯಲ್ಲಿ ನಾನು ಪ್ರತಿವರ್ಷ ಈ ಪ್ರಶ್ನೆಯನ್ನು ಕೇಳುವುದುಂಟು. ಮೇಲೇಳುವ ಕೈಗಳು ಬೆರಳಲ್ಲಿ ಎಣಿಸುವಷ್ಟು. “ಅಲ್ಲೇನದರೀ ಸರ, ಬರೇ ಕಲ್ಲು, ಬರೇ ಬಿಸಲು” ಎಂಬುದು ಉಳಿದವರ ಉತ್ತರ.

ಈ ಉತ್ತರವನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಹೀಗೆ ಹೇಳುವ ಹುಡುಗನೇ ಮಳೆ ಕೈಕೊಟ್ಟ ವರ್ಷ ತಾಯಿತಂದೆಯರ ಹಿಂದೆ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುತ್ತಾನೆ. ಹಾಜರಿಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತದೆ. ಆ ದೂರದ ಊರಿನಲ್ಲಿ ಯಾರಾದರೂ “ನಿಮ್ಮೂರು ಎಂಥದಪ್ಪಾ?” ಎಂದು ಕೇಳಿದರೆ, ಅವನ ಗಂಟಿನಲ್ಲಿರುವುದು ಈ ಎರಡೇ ಮಾತು: ಕಲ್ಲು, ಬಿಸಿಲು. ಅವನು ಹೋಗುವುದನ್ನು ತಡೆಯುವ ಶಕ್ತಿ ಪಾಠ ಹೇಳುವವನಿಗಿಲ್ಲ. ಹೋಗುವ ಮುನ್ನ ಒಮ್ಮೆ ಗುಡ್ಡ ಹತ್ತಿಸಿ ತೋರಿಸುವುದಂತೂ ಅವನ ಮನೆಯವರಿಗೂ ನಮಗೂ ಸಾಧ್ಯ.

ಮೊದಲ ದಿನಕ್ಕೆ ಯಾದಗಿರಿಯ ಕೋಟೆಯ ಗುಡ್ಡವೇ ಲೇಸು. ಒಂದೇ ಕಲ್ಲುಗುಡ್ಡ; ಎತ್ತರ ಸುಮಾರು 100 ಮೀಟರು, ಉದ್ದ 850, ಅಗಲ 500. ಪರ್ವತಾರೋಹಣದ ಮಾತು ಬೇಡ. ಆರು ವರ್ಷದ ಮಗುವೂ ಅರವತ್ತೈದರ ಅಜ್ಜಿಯೂ ಹತ್ತಬಹುದಾದ ಎತ್ತರವಿದು. ಕಾರ್ತಿಕದಿಂದ ಮಾಘದವರೆಗಿನ ದಿನಗಳನ್ನು ಆರಿಸಿಕೊಳ್ಳಿರಿ. ಶಿವರಾತ್ರಿ ಕಳೆದ ಮೇಲೆ ನಮ್ಮ ಬಂಡೆ ಹೆಂಚಿನಂತೆ ಕಾಯುತ್ತದೆ. ಆಗ ಹೋಗುವುದು ಸಾಹಸವಲ್ಲ, ಅವಿವೇಕ. ಹೊತ್ತು ಮೂಡುವ ಮುಂಚೆಯೇ ಗುಡ್ಡದ ಬುಡದಲ್ಲಿರಬೇಕು. ಬುತ್ತಿಗೆ ಕಟಿಯಾದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಸಾಕು. ನೀರನ್ನು ಮಾತ್ರ ಸಾಕೆನಿಸುವುದಕ್ಕಿಂತ ಇಮ್ಮಡಿಯಾಗಿ ಒಯ್ಯಿರಿ.

ಸಾಲಿನಲ್ಲಿ ಅಜ್ಜಿ ಮುಂದೆ ನಡೆಯಲಿ. ಅವಳ ಹೆಜ್ಜೆಯೇ ಎಲ್ಲರ ಹೆಜ್ಜೆ. ಅವಳು ನಿಂತಾಗ ಎಲ್ಲರೂ ನಿಲ್ಲತಕ್ಕದ್ದು. ಬಲಿಷ್ಠರು ಮುಂದೆ ಓಡಿ, ತುದಿಯಲ್ಲಿ ಕೂತು “ಬರ್ರೀ, ಬರ್ರೀ” ಎಂದು ಕೂಗುವ ಪರಿ ನನಗೆ ಸೇರದು. ಕಲ್ಲುಸಂದಿಯಲ್ಲಿ ಕೈಯಿಡಬಾರದು. ಕಡಿದಾದ ಬಂಡೆಗೆ ಹೆಜ್ಜೇನು ಕಟ್ಟಿರುವುದು ಕಂಡರೆ ಹೊಗೆಯನ್ನೂ ಗದ್ದಲವನ್ನೂ ಮಾಡದೆ ದೂರದಿಂದಲೇ ಸಾಗಿಬಿಡಬೇಕು.

ಮೇಲೆ ಗುಡಿಯುಂಟು, ಮಸೀದಿಯುಂಟು, ಸುತ್ತಿಸುತ್ತಿ ಬಂದ ಕೋಟೆಗೋಡೆಗಳುಂಟು. ಆಳಿದವರು ಒಬ್ಬರ ಮೇಲೊಬ್ಬರು ಬಂದು ಕಟ್ಟಿದರು. ಆ ಕಥೆಯನ್ನು ಪಠ್ಯಪುಸ್ತಕ ಹೇಳಲಿ. ನೀವು ಮಕ್ಕಳನ್ನು ನೇರವಾಗಿ ಅಲ್ಲಿನ ಕೊಳಗಳ ಬಳಿಗೆ ಕರೆದುಕೊಂಡು ಹೋಗಿರಿ. ಕೈ ಹಿಡಿದೇ ನಿಲ್ಲಿಸಿರಿ, ಅಂಚು ಜಾರುತ್ತದೆ. ಆಮೇಲೆ ಒಂದೇ ಪ್ರಶ್ನೆ ಕೇಳಿರಿ: ಹೊಳೆ ಕೆಳಗಿದೆ, ಇಷ್ಟು ಎತ್ತರದ ಬರಿ ಕಲ್ಲಿನ ಮೇಲೆ ನೀರು ಹೇಗೆ ಬಂತು?

ಬಂಡೆಯ ತಗ್ಗಿನಲ್ಲಿ ಮಳೆನೀರು ತಾನಾಗಿ ನಿಂತ ಗುಂಡಿಗೆ ಕನ್ನಡದಲ್ಲಿ ‘ದೊಣೆ’ ಎಂಬ ಹಳೆಯ ಮಾತುಂಟು. ಎಂಥ ಅಚ್ಚಗನ್ನಡ ಶಬ್ದ! ಈಗ ನಿಘಂಟಿನಲ್ಲಿ ಮಲಗಿದೆ. ಗುಡ್ಡ ಹತ್ತಿದ ಮಗುವಿನ ಬಾಯಲ್ಲಿ ಅದು ಮತ್ತೆ ಎದ್ದೀತು. ನೆಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲನ್ನು ಮಣ್ಣು ಕುಡಿದುಬಿಡುತ್ತದೆ. ಬಂಡೆ ಕುಡಿಯುವುದಿಲ್ಲ, ಬಿದ್ದುದನ್ನು ಬಿದ್ದಂತೆಯೇ ಹರಿಸಿಬಿಡುತ್ತದೆ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಹಾಸುಗಲ್ಲಿನ ಮೇಲೆ ಒಂದು ಸೆಂಟಿಮೀಟರು ಮಳೆಯಾದರೆ ಸಾವಿರ ಲೀಟರು ನೀರು. ಐವತ್ತಕ್ಕೂ ಮೇಲ್ಪಟ್ಟು ಕೊಡ. ಹಿಂದಿನವರು ಇಳಿಜಾರನ್ನು ನೋಡಿದರು, ತಗ್ಗನ್ನು ನೋಡಿದರು, ಹರಿಯುವ ನೀರಿಗೆ ಕಲ್ಲಿನಲ್ಲೇ ಎಡೆ ಮಾಡಿಕೊಟ್ಟರು. ‘ಬರೇ ಕಲ್ಲು’ ಎಂದು ನಾವು ಹಳಿಯುವ ಆ ಕಲ್ಲೇ ಬರಗಾಲದ ಈ ಸೀಮೆಯಲ್ಲಿ ಗುಡ್ಡದ ಮೇಲಣ ಜನಕ್ಕೆ ನೀರು ಕೊಟ್ಟದ್ದು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿರಿ. ಕರಿಹಲಗೆಯ ಮೇಲೆ ನಾಲ್ಕು ಸಲ ತಪ್ಪಿಸಿದ ಹುಡುಗ ಕೊಳದ ದಂಡೆಯಲ್ಲಿ ಒಂದೇ ಸಲಕ್ಕೆ ಸರಿ ಹೇಳಿದ್ದನ್ನು ನಾನು ಕಂಡಿದ್ದೇನೆ.

ಅಲ್ಲಿಂದ ಸುತ್ತ ನೋಡಿದರೆ ಭೀಮೆಯ ಬಯಲು, ಮುಂಬಯಿ–ಚೆನ್ನೈ ರೈಲುದಾರಿ, ತೊಗರಿ ಹತ್ತಿಗಳ ಹೊಲ. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯೆನಿಸಿಕೊಂಡ ನಾಡಿನ ಒಂದು ತುಂಡು ಕಣ್ಣೆದುರಿಗೆ ಹಾಸಿಕೊಂಡಿರುತ್ತದೆ. ಕಾಲಡಿಯ ಬಂಡೆಯ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ಅಜ್ಜಿಗೆ ಇದನ್ನು ಹೇಳಿ ನೋಡಿರಿ. ತನ್ನ ಮಂಡಿನೋವಿನ ಮಾತನ್ನು ಆ ಹೊತ್ತಿಗೆ ಕೈಬಿಟ್ಟಾಳು!

ಇನ್ನೊಂದು ರಜೆಗೆ ಶಹಾಪುರ. ನಾಲ್ಕು ಗುಡ್ಡಗಳು ಸೇರಿ ಮಲಗಿದ ಬುದ್ಧನ ಆಕಾರ ತಾಳಿರುವುದನ್ನು ದಾರಿಹೋಕರೆಲ್ಲ ಬಲ್ಲರು. ಇಲ್ಲೊಂದು ಸೋಜಿಗ: ಗುಡ್ಡದ ಮೇಲೆ ನಿಂತವನಿಗೆ ಬುದ್ಧ ಕಾಣಿಸನು. ಎದೆ ಯಾವುದು, ಹಣೆ ಯಾವುದು, ಒಂದೂ ತಿಳಿಯದು. ಆದುದರಿಂದ ಮೊದಲು ದೂರದಲ್ಲಿ ನಿಂತು ಮಕ್ಕಳಿಗೆ ಮೂಗು, ಗದ್ದ, ಎದೆಯನ್ನು ತೋರಿಸಿ, ಆಮೇಲೆ ಹತ್ತಿಸಿರಿ.

ಸುರಪುರದ ದಾರಿಯಲ್ಲಿ ಕಥೆಯೇ ಹೆಚ್ಚು. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದು, ಎಳೆಯ ಅರಸು ವೆಂಕಟಪ್ಪ ನಾಯಕನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಆ ವರ್ಷವೇ ತೀರಿಕೊಂಡ. ಆ ಮನೆಯ ಅಂಗಳದಲ್ಲಿ ನಿಂತು ಇದನ್ನು ಹೇಳುವಾಗ ಮಕ್ಕಳು “ಹಂಗಾರ ಟೇಲರ್ ಒಳ್ಳೆಯವನೋ, ಕೆಟ್ಟವನೋ?” ಎಂದು ಕೇಳಿಯೇ ಕೇಳುತ್ತಾರೆ. ಅವಸರದಿಂದ ಉತ್ತರ ಕೊಡಬೇಡಿರಿ. ಇಳಿಯುವ ದಾರಿ ಉದ್ದವಿರುತ್ತದೆ, ಅವರೇ ಮಾತಾಡಿಕೊಳ್ಳಲಿ.

ಇಳಿಯುವುದೆಂದರೆ ಏರುವುದಕ್ಕಿಂತ ಕಷ್ಟ. ಹೊತ್ತು ಮುಳುಗುವುದಕ್ಕೆ ಎರಡು ಗಂಟೆ ಇರುವಾಗಲೇ ಹೊರಡಿರಿ. ಕಾಲನ್ನು ಅಡ್ಡವಾಗಿ ಊರುತ್ತ ಬನ್ನಿರಿ. ತಂದ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ತಂದವರೇ ಇಳಿಸಿಕೊಂಡು ಬರಲಿ. ಕೋಟೆಯ ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತುವ ಮಗನಿಗೆ ಅಲ್ಲಿಯೇ ಕಿವಿ ಹಿಂಡಿದರೆ ತಪ್ಪಿಲ್ಲವೆಂಬುದು ನನ್ನ ಮತ.

ಶಹಾಪುರಕ್ಕೆ ಹೋದ ದಿನ ಹೊತ್ತು ಉಳಿದಿದ್ದರೆ ಹತ್ತಿರದ ವಿಭೂತಿಹಳ್ಳಿಗೂ ಹೋಗಿರಿ. ಬಯಲಿನಲ್ಲಿ ಸಮ ಅಂತರ ಬಿಟ್ಟು, ಸಾಲುಸಾಲಾಗಿ ಗುಂಡುಗಳನ್ನು ಇಟ್ಟಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾಗೋರಿಗಳ ಕಾಲದ ಜನರ ಕೆಲಸವೆಂದು ಪುರಾತತ್ತ್ವಜ್ಞರ ಎಣಿಕೆ. ನಕ್ಷತ್ರ ನೋಡುವುದಕ್ಕೆಂದು ಕೆಲವರ ಊಹೆ. ಮಕ್ಕಳಿಗೆ ಎಣಿಸಲು ಹೇಳಿರಿ. ಒಬ್ಬರ ಲೆಕ್ಕ ಒಬ್ಬರಿಗೆ ತಾಳೆಯಾಗುವುದಿಲ್ಲ. ಶಹಾಪುರದ ಬಸ್ ನಿಲ್ದಾಣ ಬರುವ ತನಕವೂ ಜಗಳ ನಡೆದೇ ಇರುತ್ತದೆ. ಅಜ್ಜಿ ಮಾತ್ರ ಬಸ್ಸಿನ ಸೀಟಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿರುತ್ತಾಳೆ.